ಮನೆಯಲ್ಲಿ ಬೆಂಕಿ: ಮನೆಮಂದಿ ಮೊದಲೇ ಮಾತಾಡಿಕೊಳ್ಳಬೇಕಾದದ್ದು

(ಒಳರೋಗಿಗಳು ಹಾಗೂ ಅವರ ಜೊತೆಗಿರುವ ಬಂಧುಗಳಿಗಾಗಿ ನಡೆಯುವ ಆರೋಗ್ಯ ಶಿಕ್ಷಣ ಕಾರ್ಯಕ್ರಮದಲ್ಲಿ ನಮ್ಮ ಆಸ್ಪತ್ರೆಯ ಶುಶ್ರೂಷಾ ಬೋಧಕಿಯವರು ಮಾಡಿದ ಭಾಷಣದ ಬರಹ ರೂಪ)



ಈ ಕಾರ್ಯಕ್ರಮದಲ್ಲಿ ನಾವು ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬಾಣಂತಿ ಆರೈಕೆ, ಗಾಯದ ಡ್ರೆಸ್ಸಿಂಗ್ ಇಂಥ ವಿಷಯಗಳನ್ನು ತಿಳಿಸುತ್ತೇವೆ. ಇವತ್ತಿನ ವಿಷಯ ಬೆಂಕಿ. ಆಸ್ಪತ್ರೆಯಲ್ಲಿ ಬೆಂಕಿಯ ಮಾತೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಇದೆ. ನೀವು ನಾಳೆಯೋ ನಾಡಿದ್ದೋ ಡಿಸ್ಚಾರ್ಜ್ ಆಗಿ ಮನೆಗೆ ಹೋಗುತ್ತೀರಿ. ಒಬ್ಬರ ಕಾಲಿಗೆ ಪ್ಲಾಸ್ಟರ್ ಇರುತ್ತದೆ. ಇನ್ನೊಬ್ಬರಿಗೆ ಲಕ್ವ ಹೊಡೆದು ಒಂದು ಕಡೆ ಕೈಕಾಲು ಆಡುವುದಿಲ್ಲ. ಮತ್ತೊಬ್ಬರು ಹಸಿ ಬಾಣಂತಿ. ಕೆಲವರು ರಾತ್ರಿ ನಿದ್ದೆ ಮಾತ್ರೆ ತೆಗೆದುಕೊಂಡು ಮಲಗುವವರು. ಅಂದರೆ ಇಷ್ಟು ದಿನ ಎಲ್ಲರೂ ಎದ್ದು ಓಡಬಲ್ಲ ಮನೆಗೆ ಈಗ ಓಡಲಾಗದ ಒಬ್ಬರು ಸೇರುತ್ತಾರೆ. ಅವರಿಗೆ ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಚೀಟಿಯಲ್ಲಿ ಬರೆದುಕೊಡುತ್ತೇವೆ. ರಾತ್ರಿ ಮನೆಯಲ್ಲಿ ಹೊಗೆ ತುಂಬಿದರೆ ಅವರನ್ನು ಯಾರು ಎತ್ತಬೇಕು ಎಂಬುದನ್ನು ಮಾತ್ರ ನೀವೇ ಕೂತು ನಿರ್ಧರಿಸಬೇಕು. ಇವತ್ತು ಹೇಳುವುದೆಲ್ಲ ಅದಕ್ಕಾಗಿಯೇ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೆಂಕಿ ಕಂಡ ಗಳಿಗೆಯಲ್ಲಿ ಯಾರಿಗೂ ಯೋಚನೆ ಮಾಡಲು ವ್ಯವಧಾನ ಇರುವುದಿಲ್ಲ. ಮೊದಲೇ ಮಾತಾಡಿಕೊಂಡಿದ್ದರೆ ಕೈಕಾಲು ತಾವಾಗಿಯೇ ಆ ಕೆಲಸ ಮಾಡುತ್ತವೆ.

ನಮ್ಮ ಹತ್ತಿರದ ಎರಡು ಘಟನೆಗಳು

ಮೊದಲನೆಯದು ದೂರದ್ದಲ್ಲ. ಇಲ್ಲಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿರುವ ಮರಿಯಮ್ಮನಹಳ್ಳಿಯದು. 2022ರ ಏಪ್ರಿಲ್ 8ರಂದು, ಮಧ್ಯರಾತ್ರಿ ಕಳೆದ ಮೇಲೆ, ಅಲ್ಲಿಯ ಒಂದು ಮನೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಎ.ಸಿ. ಯಂತ್ರದಿಂದ ಹತ್ತಿದ ಬೆಂಕಿ ಎಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಒಂದೇ ಕುಟುಂಬದ ನಾಲ್ವರು, ಅವರಲ್ಲಿ ಇಬ್ಬರು ಮಕ್ಕಳು, ತೀರಿಕೊಂಡರು. ಹೊಗೆಯಲ್ಲಿ ಉಸಿರುಗಟ್ಟಿದ್ದೇ ಸಾವಿಗೆ ಕಾರಣ ಎಂದು ವರದಿಗಳು ಹೇಳಿದವು. ಇಡೀ ತಾಲ್ಲೂಕು ಮರುಗಿದ ಘಟನೆ ಅದು. ಅದನ್ನು ಇಲ್ಲಿ ನೆನೆಯುವುದು ಯಾರ ತಪ್ಪನ್ನೂ ಎತ್ತಿ ತೋರಿಸಲಿಕ್ಕಲ್ಲ. ಅಂಥ ರಾತ್ರಿ ಯಾರ ಮನೆಗಾದರೂ ಬರಬಹುದು.

ಎರಡನೆಯದು ಹುಬ್ಬಳ್ಳಿಯದು. 2024ರ ಡಿಸೆಂಬರಿನಲ್ಲಿ ಅಯ್ಯಪ್ಪ ಮಾಲೆ ಹಾಕಿದ್ದ ಒಂಬತ್ತು ಜನ ಒಂದು ಗುಡಿಗೆ ಸೇರಿದ ಕೋಣೆಯಲ್ಲಿ ಮಲಗಿದ್ದರು. ರಾತ್ರಿ ಅಲ್ಲಿದ್ದ ಅಡುಗೆ ಗ್ಯಾಸ್ ಸಿಲಿಂಡರಿನಿಂದ ಗ್ಯಾಸ್ ಸೋರಿ ಬೆಂಕಿ ಹೊತ್ತಿಕೊಂಡಿತು. ಎಲ್ಲರಿಗೂ ತೀವ್ರ ಸುಟ್ಟ ಗಾಯಗಳಾದವು. ಅವರಲ್ಲಿ ಹೆಚ್ಚಿನವರು ಮುಂದಿನ ದಿನಗಳಲ್ಲಿ ಆಸ್ಪತ್ರೆಯಲ್ಲಿ ಒಬ್ಬೊಬ್ಬರಾಗಿ ತೀರಿಕೊಂಡರು. ದೊಡ್ಡ ಆಸ್ಪತ್ರೆ, ತಜ್ಞ ವೈದ್ಯರು, ಔಷಧಿ ಎಲ್ಲ ಇದ್ದೂ ಉಳಿಸಿಕೊಳ್ಳಲು ಆಗಲಿಲ್ಲ. ಮೈಯ ಬಹುಭಾಗ ಸುಟ್ಟ ಮೇಲೆ ವೈದ್ಯರ ಕೈಯಲ್ಲಿ ಉಳಿಯುವುದು ಸ್ವಲ್ಪವೇ.

ಎರಡರಲ್ಲೂ ಒಂದು ಸಂಗತಿ ಸಮಾನವಾಗಿದೆ. ಅದು ರಾತ್ರಿಯ ಹೊತ್ತು, ಜನ ನಿದ್ದೆಯಲ್ಲಿದ್ದರು.

ಮೊದಲು ಕೊಲ್ಲುವುದು ಹೊಗೆ

ಬೆಂಕಿ ಎಂದರೆ ನಮ್ಮ ಕಣ್ಣಿಗೆ ಉರಿ ಬರುತ್ತದೆ. ಆದರೆ ಮನೆಯೊಳಗಿನ ಬೆಂಕಿಯಲ್ಲಿ ಉರಿ ಮುಟ್ಟುವ ಮೊದಲೇ ಹೊಗೆ ಮುಟ್ಟುತ್ತದೆ. ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಗ ಉಸಿರಾಡುತ್ತಿದ್ದರೂ ಮಿದುಳಿಗೆ ಆಮ್ಲಜನಕ ಸಿಗುವುದಿಲ್ಲ. ತಲೆ ಸುತ್ತುತ್ತದೆ, ಮಂಪರು ಬರುತ್ತದೆ, ಚಿಲಕ ಎಲ್ಲಿದೆ ಎಂಬುದೇ ತಿಳಿಯದಂತಾಗುತ್ತದೆ. ಮಲಗಿದವರು ಹಾಗೆಯೇ ಪ್ರಜ್ಞೆ ತಪ್ಪುತ್ತಾರೆ.

"ವಾಸನೆ ಬಂದರೆ ಎಚ್ಚರವಾಗುತ್ತದೆ ಬಿಡಿ" ಎಂದು ಬಹಳ ಜನ ಹೇಳುತ್ತಾರೆ. ಅದನ್ನು ನಂಬಬೇಡಿ. ಗಾಢ ನಿದ್ದೆಯಲ್ಲಿ ಮೂಗು ಎಚ್ಚರಿಸುವುದಿಲ್ಲ. ಕಿವಿ ಎಚ್ಚರಿಸುತ್ತದೆ. ಅದಕ್ಕಾಗಿಯೇ ಹೊಗೆ ಬಂದರೆ ಕೂಗುವ ಸಣ್ಣ ಯಂತ್ರಗಳು, ಸ್ಮೋಕ್ ಅಲಾರಂ ಎನ್ನುತ್ತಾರೆ, ಎಲೆಕ್ಟ್ರಿಕ್ ಅಂಗಡಿಗಳ ಮೂಲಕ ತರಿಸಬಹುದು. ಶಕ್ತಿ ಇದ್ದವರು ಮಲಗುವ ಕೋಣೆಯ ಹೊರಗೆ ಮಾಳಿಗೆಗೆ ಒಂದನ್ನು ಹಾಕಿಸಿಕೊಳ್ಳಿ.

ಹೊಗೆಯ ಒಂದು ಗುಣ ನಮಗೆ ಅನುಕೂಲವಾಗಿದೆ. ಬಿಸಿ ಹೊಗೆ ಮೇಲೇರುತ್ತದೆ. ಕೋಣೆಯ ಮೇಲ್ಭಾಗ ಕಪ್ಪಾಗಿದ್ದರೂ ನೆಲದ ಹತ್ತಿರ ಸ್ವಲ್ಪ ಹೊತ್ತು ಉಸಿರಾಡುವಂಥ ಗಾಳಿ ಉಳಿದಿರುತ್ತದೆ. ಹಾಗಾಗಿ ಹೊಗೆಯಲ್ಲಿ ನಿಂತು ಓಡಬೇಡಿ. ಕೂಸು ಅಂಬೆಗಾಲಿಡುವ ಹಾಗೆ ಕೈ ಮೊಣಕಾಲೂರಿ, ಗೋಡೆ ಹಿಡಿದು ಹೊರಗೆ ಬನ್ನಿ. ಒದ್ದೆ ಬಟ್ಟೆ ಕೈಗೆ ಸಿಕ್ಕರೆ ಮೂಗು ಬಾಯಿಗೆ ಹಿಡಿಯಿರಿ. ಅದು ಮಸಿಯನ್ನು ತಡೆಯುತ್ತದೆ, ವಿಷಾನಿಲವನ್ನು ತಡೆಯುವುದಿಲ್ಲ. ಆದ್ದರಿಂದ ಬಟ್ಟೆ ಹುಡುಕುತ್ತಾ ನಿಲ್ಲಬೇಡಿ.

ಮನೆಮಂದಿಯೆಲ್ಲ ಕೂತು ತೀರ್ಮಾನಿಸಬೇಕಾದ ಐದು ವಿಷಯಗಳು

ಮನೆಗೆ ಹೋದ ಮೊದಲ ದಿನವೇ, ಊಟವಾದ ಮೇಲೆ, ಅಜ್ಜ ಅಜ್ಜಿಯಿಂದ ಹಿಡಿದು ಶಾಲೆಗೆ ಹೋಗುವ ಮಕ್ಕಳವರೆಗೆ ಎಲ್ಲರನ್ನೂ ಕೂರಿಸಿಕೊಂಡು ಈ ಐದನ್ನು ತೀರ್ಮಾನಿಸಿ.

1. ಎರಡು ದಾರಿ. ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಿಗೆ ದಪ್ಪ ಗೋಡೆ, ಒಂದೇ ತಲೆಬಾಗಿಲು, ಕಿಟಕಿಗೆ ಕಬ್ಬಿಣದ ಸರಳು. ಕಳ್ಳರಿಗೆ ಮಾಡಿದ ಈ ಭದ್ರತೆ ಬೆಂಕಿಯ ದಿನ ನಮಗೇ ತೊಡಕಾಗುತ್ತದೆ. ಹಿತ್ತಲ ಬಾಗಿಲು ಇದ್ದರೆ ಅದರ ಮುಂದೆ ಒಟ್ಟಿರುವ ಚೀಲ, ಪೆಟ್ಟಿಗೆ, ಸೈಕಲ್ ಇವತ್ತೇ ತೆಗೆಯಿರಿ. ಇಲ್ಲದಿದ್ದರೆ ಒಂದು ಕಿಟಕಿಯ ಸರಳನ್ನಾದರೂ ಒಳಗಿನಿಂದ ತೆಗೆಯುವಂತೆ ಚಿಲಕ ಹಾಕಿಸಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಹೊಗೆ ತುಂಬಿ, ಇಳಿಯುವ ದಾರಿ ಸಿಗದೆ ಕೆಲವರು ಮೇಲಿನಿಂದ ಹಾರಿದ್ದರು. ದೊಡ್ಡ ಪಟ್ಟಣದ ಕಟ್ಟಡವಾಗಲಿ, ನಮ್ಮ ಓಣಿಯ ಮನೆಯಾಗಲಿ, ಹೊರಗೆ ಬರುವ ದಾರಿ ತೆರೆದಿರಬೇಕು.

2. ಕೀಲಿಕೈ. ರಾತ್ರಿ ಒಳಗಿನಿಂದ ಬೀಗ ಹಾಕುವ ಪದ್ಧತಿ ಹಲವು ಮನೆಗಳಲ್ಲಿದೆ. ಕೀಲಿಕೈ ಅತ್ತೆಯವರ ಸೆರಗಿನ ಗಂಟಿನಲ್ಲೋ ಯಜಮಾನರ ದಿಂಬಿನ ಕೆಳಗೋ ಇರುತ್ತದೆ. ಒಳಗಿನಿಂದ ಚಿಲಕ, ಅಗಳಿ ಸಾಕು. ಬೀಗ ಹಾಕಲೇಬೇಕೆಂದಿದ್ದರೆ ಕೀಲಿಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ. ಮನೆಯ ಹತ್ತು ವರ್ಷದ ಮಗುವಿಗೂ ಕತ್ತಲಲ್ಲಿ ಕೈಗೆ ಸಿಗಬೇಕು. ಅಜ್ಜ ಅಜ್ಜಿ ಮಲಗುವ ಕೋಣೆಗೆ ಹೊರಗಿನಿಂದ ಎಂದೂ ಚಿಲಕ ಹಾಕಬೇಡಿ.

3. ಯಾರು ಯಾರನ್ನು. ಇದೇ ಎಲ್ಲಕ್ಕಿಂತ ಮುಖ್ಯ. ಹೆಸರು ಹಿಡಿದು ಹೇಳಿಕೊಳ್ಳಿ. ಕೂಸನ್ನು ತಾಯಿ, ಅಜ್ಜನನ್ನು ಹಿರಿಮಗ, ಚಿಕ್ಕ ಹುಡುಗಿಯನ್ನು ಅಕ್ಕ, ಬಾಗಿಲು ತೆಗೆಯುವುದು ಸೊಸೆ, ಹೀಗೆ. "ಎಲ್ಲರೂ ನೋಡಿಕೊಳ್ಳೋಣ" ಎಂದರೆ ಆ ಗಳಿಗೆಯಲ್ಲಿ ಯಾರೂ ನೋಡಿಕೊಳ್ಳುವುದಿಲ್ಲ. ಒಬ್ಬರು ಇನ್ನೊಬ್ಬರು ಎತ್ತಿಕೊಂಡರೆಂದು ತಿಳಿಯುತ್ತಾರೆ. ಹಿರಿಮಗ ಸುಗ್ಗಿಗೋ ದುಡಿಯಲು ಪರ ಊರಿಗೋ ಹೋದ ರಾತ್ರಿ ಅವನ ಬದಲಿಗೆ ಯಾರು ಎಂಬುದನ್ನೂ ಹೇಳಿಕೊಳ್ಳಿ.

4. ಸೇರುವ ಜಾಗ. ಹೊರಗೆ ಬಂದ ಮೇಲೆ ಎಲ್ಲರೂ ಒಂದೇ ಕಡೆ ನಿಲ್ಲಬೇಕು. ಓಣಿಯ ಬೇವಿನ ಮರವೋ ಎದುರು ಮನೆಯ ಕಟ್ಟೆಯೋ ಆಗಬಹುದು. ಅಲ್ಲಿ ತಲೆ ಎಣಿಸಿ. ಹೊರಗೇ ಇರುವ ಮಗುವನ್ನು ಒಳಗಿದೆಯೆಂದು ತಿಳಿದು ತಂದೆ ಮತ್ತೆ ಉರಿಯೊಳಗೆ ನುಗ್ಗುವುದನ್ನು ಈ ಒಂದು ಏರ್ಪಾಡು ತಪ್ಪಿಸುತ್ತದೆ.

5. ಫೋನ್ ಯಾರು ಮಾಡಬೇಕು. ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸಿಗೆ 108. ಯಾವುದೂ ನೆನಪಾಗದಿದ್ದರೆ 112 ಒಂದೇ ಸಾಕು. ಗ್ಯಾಸ್ ಸೋರಿಕೆಗೆ 1906, ಕರೆಂಟಿನ ತೊಂದರೆಗೆ ಜೆಸ್ಕಾಂ ಸಂಖ್ಯೆ 1912. ಈ ಸಂಖ್ಯೆಗಳನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಫೋನ್ ಮಾಡಿದಾಗ ಊರು, ಓಣಿ, ಹತ್ತಿರದ ಗುಡಿ ಅಥವಾ ಶಾಲೆಯ ಗುರುತು, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ ಎಂದು ಹೇಳಿ. ಅವರು ಇಡುವ ತನಕ ನೀವು ಫೋನ್ ಇಡಬೇಡಿ. ಒಬ್ಬರು ದೊಡ್ಡ ರಸ್ತೆಗೆ ಹೋಗಿ ಗಾಡಿಗೆ ದಾರಿ ತೋರಿಸಲಿ. ಹಳ್ಳಿಗಳಿಗೆ ವಾಹನ ಬಂದು ಮುಟ್ಟಲು ಸಮಯ ಬೇಕು. ಅಲ್ಲಿಯವರೆಗೆ ಜೀವ ಉಳಿಸುವುದು ಮನೆಮಂದಿಯ ಮತ್ತು ನೆರೆಹೊರೆಯವರ ಕೈಯಲ್ಲೇ ಇದೆ.

ಇದನ್ನು ಬಾಯಲ್ಲಿ ಹೇಳಿ ಬಿಟ್ಟರೆ ಸಾಲದು. ಒಂದು ರಾತ್ರಿ ದೀಪ ಆರಿಸಿ, ಎಲ್ಲರೂ ಮಲಗಿದ ಜಾಗದಿಂದ ತಲೆಬಾಗಿಲ ತನಕ ತೆವಳಿಕೊಂಡು ಬಂದು ನೋಡಿ. ಮಕ್ಕಳಿಗೆ ಆಟವಾಗುತ್ತದೆ. ದೊಡ್ಡವರಿಗೆ ಎಲ್ಲಿ ಎಡವುತ್ತೇವೆ ಎಂಬುದು ತಿಳಿಯುತ್ತದೆ. ಚಿಕ್ಕ ಮಕ್ಕಳು ಹೆದರಿದರೆ ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ ಅಡಗುತ್ತವೆ. "ಅಡಗಬಾರದು, ಹೊರಗೆ ಓಡಬೇಕು, ಅವ್ವ ಹೊಡೆಯುವುದಿಲ್ಲ" ಎಂದು ಅವಕ್ಕೆ ಹಲವು ಸಲ ಹೇಳಿ. ಬೆಂಕಿಪೊಟ್ಟಣ ಹಿಡಿದು ಆಡಿ ತಾನೇ ಬೆಂಕಿ ಹಚ್ಚಿದ ಮಗು ಏಟಿಗೆ ಹೆದರಿಯೇ ಅಡಗಬಹುದು.

ನಡೆಯಲಾರದವರು ಮನೆಯಲ್ಲಿದ್ದರೆ

ಹಾಸಿಗೆ ಹಿಡಿದವರನ್ನು ಒಳಕೋಣೆಯಲ್ಲಿ, ಎಲ್ಲರಿಗಿಂತ ಹಿಂದೆ ಮಲಗಿಸುವುದು ನಮ್ಮಲ್ಲಿ ರೂಢಿ. ಗಾಳಿ ಬೆಳಕಿಗೂ ಅದು ಒಳ್ಳೆಯದಲ್ಲ, ಬೆಂಕಿಗೂ ಒಳ್ಳೆಯದಲ್ಲ. ಅವರ ಮಂಚ ಬಾಗಿಲಿಗೆ ಹತ್ತಿರ ಇರಲಿ. ಅವರ ಕೋಣೆಯಲ್ಲಿ ಅಥವಾ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಗಟ್ಟಿಮುಟ್ಟಾದ ಒಬ್ಬರು ಮಲಗಲಿ. ಕೈಗೆ ಸಿಗುವಂತೆ ಒಂದು ಗಂಟೆಯನ್ನೋ ತಟ್ಟೆ ಚಮಚವನ್ನೋ ಇಡಿ. ದನಿ ಹೊರಡದವರೂ ಅದನ್ನು ಬಡಿಯಬಹುದು.

ಒಬ್ಬರೇ ಇದ್ದು ಎತ್ತಲಾಗದಿದ್ದರೆ ಎತ್ತುವ ಸಾಹಸ ಬೇಡ. ಅವರ ಕೆಳಗಿರುವ ಕೌದಿ ಅಥವಾ ಜಮಖಾನೆಯ ಸಮೇತ ಮೆಲ್ಲಗೆ ನೆಲಕ್ಕಿಳಿಸಿ. ತಲೆಯ ಕಡೆಯ ಎರಡು ಮೂಲೆಗಳನ್ನು ಒಟ್ಟಿಗೆ ಹಿಡಿದು, ತಲೆ ನೆಲಕ್ಕೆ ಬಡಿಯದಂತೆ ಸ್ವಲ್ಪ ಎತ್ತಿ, ಬಾಗಿದ ಮೈಯಲ್ಲೇ ಹಿಂದಕ್ಕೆ ಎಳೆದುಕೊಂಡು ಬನ್ನಿ. ನಮ್ಮ ನೆಲಗಳ ಮೇಲೆ ಕೌದಿ ಸುಲಭವಾಗಿ ಜಾರುತ್ತದೆ. ಐವತ್ತು ಕೆ.ಜಿ. ತೂಕದ ಹೆಣ್ಣುಮಗಳು ಎಪ್ಪತ್ತು ಕೆ.ಜಿ. ತೂಕದ ಮಾವನನ್ನು ಹೀಗೆ ಹೊರಗೆ ತರಬಲ್ಲಳು. ಹೊಸ್ತಿಲು ದಾಟಿಸುವುದು ಮಾತ್ರ ಕಷ್ಟ. ಅದನ್ನು ರೋಗಿಯ ಮೇಲಲ್ಲ, ಮನೆಯ ಆರೋಗ್ಯವಂತರೊಬ್ಬರನ್ನು ಮಲಗಿಸಿ ಅಭ್ಯಾಸ ಮಾಡಿ. ಎಳೆಯುವಾಗ ನೋವಾಗುತ್ತದೆ, ಹೊಲಿಗೆ ಬಿಚ್ಚಬಹುದು ಎಂಬ ಅಂಜಿಕೆ ಬೇಡ. ಹೊಲಿಗೆಯನ್ನು ಮತ್ತೆ ಹಾಕಬಹುದು.

ಮನೆಯಲ್ಲಿ ಆಕ್ಸಿಜನ್ ಯಂತ್ರವಾಗಲಿ ಸಿಲಿಂಡರಾಗಲಿ ಇಟ್ಟುಕೊಂಡವರಿಗೆ ಒಂದು ಕಟ್ಟುನಿಟ್ಟಿನ ಮಾತು. ಆ ಕೋಣೆಯಲ್ಲಿ ಬೀಡಿ, ಸಿಗರೇಟು, ಊದಿನಕಡ್ಡಿ, ದೀಪ, ಸೊಳ್ಳೆಬತ್ತಿ ಯಾವುದೂ ಬೇಡ. ಆಕ್ಸಿಜನ್ ತಾನು ಉರಿಯುವುದಿಲ್ಲ, ಆದರೆ ಅದು ಸೇರಿದ ಬಟ್ಟೆ, ಹಾಸಿಗೆ ಕಿಡಿ ಸೋಕಿದರೆ ಸಾಕು, ಭಗ್ಗನೆ ಹತ್ತಿಕೊಳ್ಳುತ್ತವೆ. ರೋಗಿಯ ಮುಖಕ್ಕೆ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ.

ಫಿಟ್ಸ್ ಇರುವವರು ನೆಲದ ಒಲೆಯ ಮುಂದೆ ಒಬ್ಬರೇ ಕೂತು ಅಡುಗೆ ಮಾಡಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಚಳಿಯೆಂದು ಕೆಂಡದ ಹತ್ತಿರ ಕಾಲು ಚಾಚಬಾರದು. ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಬಾಣಂತಿ ಕೋಣೆ

ತಾಯಂದಿರು ಇದನ್ನು ವಿಶೇಷವಾಗಿ ಕೇಳಬೇಕು. ಬಾಣಂತಿಯ ಮಂಚದ ಕೆಳಗೆ ಕೆಂಡ ಇಟ್ಟು, ಲೋಬಾನ ಹಾಕಿ, ಥಂಡಿ ತಾಗಬಾರದೆಂದು ಬಾಗಿಲು ಕಿಟಕಿ ಮುಚ್ಚುವುದನ್ನು ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಮುಚ್ಚಿದ ಕೋಣೆಯ ಕೆಂಡ ನಾನು ಆಗ ಹೇಳಿದ ಅದೇ ವಿಷಾನಿಲವನ್ನು ಬಿಡುತ್ತದೆ. ಉರಿಯೇ ಕಾಣದಿದ್ದರೂ ತಾಯಿ ಮಗು ಇಬ್ಬರಿಗೂ ಅಪಾಯ. ಬಾಣಂತಿಗೆ ತಲೆನೋವು, ವಾಂತಿ, ಮಂಪರು ಬಂದರೆ ದೃಷ್ಟಿಯಾಯಿತೆಂದು ಕೂರಬೇಡಿ. ಇಬ್ಬರನ್ನೂ ಕೂಡಲೇ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಕರೆತನ್ನಿ. ಜೋತುಬಿದ್ದ ಸೀರೆ ಸೆರಗಿಗೋ ಸೊಳ್ಳೆ ಪರದೆಗೋ ಕಿಡಿ ತಾಗಿದರೆ ಮಂಚವೇ ಹತ್ತಿಕೊಳ್ಳುತ್ತದೆ. ಕೂಸಿಗೆ ಬೆಚ್ಚಗಿಡಲು ತಾಯಿಯ ಮೈ ಶಾಖ, ಟೋಪಿ, ಹತ್ತಿ ಬಟ್ಟೆ ಸಾಕು. ಅತ್ತೆಯವರು, ತಾಯಿಯವರು ದಯವಿಟ್ಟು ಕೆಂಡವನ್ನು ಕೋಣೆಯಿಂದ ಹೊರಗಿಡಿ.

ಬೆಂಕಿ ಕಂಡ ಕೂಡಲೇ

ಮೊದಲು "ಬೆಂಕಿ! ಬೆಂಕಿ! ಹೊರಗೆ ಬನ್ನಿ!" ಎಂದು ಗಟ್ಟಿಯಾಗಿ ಕೂಗಿ ಎಲ್ಲರನ್ನೂ ಎಬ್ಬಿಸಿ. ಒಂದು ಬಕೇಟು ನೀರಿಗೆ, ಎರಡು ಬೊಗಸೆ ಉಸುಕಿಗೆ ಆರುವಷ್ಟು ಸಣ್ಣ ಬೆಂಕಿಯಾಗಿದ್ದರೆ, ನಿಮ್ಮ ಬೆನ್ನ ಹಿಂದೆ ಬಾಗಿಲು ಇದ್ದರೆ ಮಾತ್ರ ಆರಿಸಲು ನೋಡಿ. ಉರಿ ಮಾಳಿಗೆ ಮುಟ್ಟಿತು, ಹೊಗೆ ದಟ್ಟವಾಯಿತು ಎಂದರೆ ಬಿಟ್ಟು ಹೊರಡಿ.

ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ಆಚೆ ಉರಿಯಿದೆ, ತೆರೆಯಬೇಡಿ, ಇನ್ನೊಂದು ದಾರಿ ಹಿಡಿಯಿರಿ. ಬೆಂಕಿ ಇರುವ ಕೋಣೆಯಿಂದ ಎಲ್ಲರೂ ಹೊರಬಂದ ಮೇಲೆ ಅದರ ಬಾಗಿಲು ಎಳೆದುಕೊಳ್ಳಿ. ಮುಚ್ಚಿದ ಒಂದು ಬಾಗಿಲು ಉರಿಯನ್ನೂ ಹೊಗೆಯನ್ನೂ ಹಲವು ನಿಮಿಷ ತಡೆಯುತ್ತದೆ. ಯಾವ ದಾರಿಯೂ ಇಲ್ಲದಿದ್ದರೆ ಕೋಣೆಯ ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಕಿಟಕಿಯಲ್ಲಿ ನಿಂತು ಬಟ್ಟೆ ಬೀಸಿ ಕೂಗಿ.

ಹೊರಗೆ ಬಂದವರು ಮತ್ತೆ ಒಳಗೆ ಹೋಗಬಾರದು. ಬಂಗಾರ, ಹೊಲದ ಪಹಣಿ, ಮಗಳ ಮದುವೆಗೆ ಇಟ್ಟ ಹಣ, ಯಾವುದಕ್ಕೂ ಬೇಡ. ಕಾಗದ ಪತ್ರಗಳ ಜೆರಾಕ್ಸ್ ಒಂದು ಪ್ರತಿಯನ್ನು ಇಂದೇ ಬಂಧುಗಳ ಮನೆಯಲ್ಲಿಡಿ. ದನ ಕರು ನಮಗೆ ಮನೆಮಕ್ಕಳೇ ಸರಿ. ಅದಕ್ಕೆಂದೇ ಅವುಗಳ ಹಗ್ಗವನ್ನು ಎಳೆದರೆ ಬಿಚ್ಚುವ ಗಂಟಿನಿಂದ ಕಟ್ಟಿ. ಕೊಟ್ಟಿಗೆ ಬಾಗಿಲ ಹೊರಗೆ ಒಂದು ಕುಡುಗೋಲು ಸಿಕ್ಕಿಸಿಡಿ. ಸೊಪ್ಪೆ ಬಣವೆಯನ್ನು ಮನೆ ಗೋಡೆಗೆ ಆತು ಒಟ್ಟಬೇಡಿ.

ಗ್ಯಾಸ್, ಎಣ್ಣೆ, ಕರೆಂಟು

ಗ್ಯಾಸ್ ವಾಸನೆ ಬಂದರೆ: ಸ್ವಿಚ್ ಹಾಕಲೂ ಬೇಡಿ, ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹುಟ್ಟುತ್ತದೆ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ, ದೂರ ಹೋದ ಮೇಲೆ 1906ಕ್ಕೆ ಫೋನ್ ಮಾಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಅದಕ್ಕೇ ಪಕ್ಕದ ಕೋಣೆಯಲ್ಲಿ ನೆಲದ ಮೇಲಿಟ್ಟ ದೇವರ ದೀಪಕ್ಕೂ ಅದು ಹತ್ತಬಹುದು. ಮಲಗುವ ಕೋಣೆಯಲ್ಲಿ ಸಿಲಿಂಡರ್ ಇಡಬೇಡಿ, ಅದು ಚಿಕ್ಕದೇ ಆಗಿರಲಿ. ಮಲಗುವ ಮೊದಲು ಒಲೆಯ ಕಿವಿ ತಿರುಗಿಸಿದರೆ ಸಾಲದು, ರೆಗ್ಯುಲೇಟರನ್ನೇ ಬಂದ್ ಮಾಡಿ. ಕೇಸರಿ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಿ. ಸಿಲಿಂಡರ್ ಇಳಿಸಿಕೊಳ್ಳುವಾಗ ಕುತ್ತಿಗೆಯ ಪಟ್ಟಿಯ ಒಳಬದಿ ನೋಡಿ. ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ಇಸವಿ ಇರುತ್ತದೆ. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್ ಕೊನೆ. ಆ ಅವಧಿ ಮುಗಿದ ಸಿಲಿಂಡರನ್ನು ತೆಗೆದುಕೊಳ್ಳಬೇಡಿ, ವಾಪಸು ಕಳಿಸಿ.

ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದರೆ: ನೀರು ಹಾಕಲೇಬೇಡಿ. ನೀರು ಕಾದ ಎಣ್ಣೆಯ ಕೆಳಗೆ ಇಳಿದು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಮುಖಕ್ಕೇ ಎರಚುತ್ತದೆ. ಒಲೆ ಆರಿಸಿ, ಮೇಲೆ ಅಗಲವಾದ ತಟ್ಟೆ ಮುಚ್ಚಿ, ತಣಿಯುವ ತನಕ ತೆಗೆಯಬೇಡಿ. ಉರಿಯುವ ಬಾಣಲೆಯನ್ನು ಹಿಡಿದು ಹೊರಗೆ ಓಡಬೇಡಿ.

ಕರೆಂಟಿನ ಬೆಂಕಿಯಾದರೆ: ಮೊದಲು ಮೇನ್ ಸ್ವಿಚ್ ಇಳಿಸಿ. ಅದು ಎಲ್ಲಿದೆ ಎಂಬುದು ಮನೆಯ ಹೆಣ್ಣುಮಕ್ಕಳಿಗೂ ಗೊತ್ತಿರಲಿ. ಮೇನ್ ಇಳಿಸುವ ತನಕ ನೀರು ಹಾಕಬೇಡಿ, ಉಸುಕು ಹಾಕಿ. ಮೊಬೈಲನ್ನು ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಚಾರ್ಜಿಗೆ ಇಟ್ಟು ಮಲಗಬೇಡಿ. ಬ್ಯಾಟರಿ ಗಾಡಿಯನ್ನು ತಲೆಬಾಗಿಲ ಒಳಗೆ ರಾತ್ರಿಯಿಡೀ ಚಾರ್ಜಿಗೆ ಹಾಕಬೇಡಿ. ಅದಕ್ಕೆ ಬೆಂಕಿ ಹತ್ತಿದರೆ ನಿಮ್ಮ ದಾರಿಯೇ ಮುಚ್ಚಿಹೋಗುತ್ತದೆ.

ಮೈಮೇಲಿನ ಬಟ್ಟೆಗೆ ಹತ್ತಿದರೆ

ಓಡಬಾರದು. ಓಡಿದಷ್ಟೂ ಗಾಳಿ ಸೇರಿ ಉರಿ ಮೇಲೆದ್ದು ಮುಖಕ್ಕೆ ಬರುತ್ತದೆ. ನಿಲ್ಲಿ, ಎರಡು ಕೈಯಿಂದ ಮುಖ ಮುಚ್ಚಿಕೊಳ್ಳಿ, ನೆಲಕ್ಕೆ ಮಲಗಿ ಉರುಳಿ. ನೋಡಿದವರು ಅವರನ್ನು ಕೆಡವಿ ಕಂಬಳಿಯಿಂದ ಬಿಗಿಯಾಗಿ ಮುಚ್ಚಿ. ನಮ್ಮ ಕುರುಬರು ನೇಯ್ದ ಕುರಿ ಉಣ್ಣೆಯ ಕರಿ ಕಂಬಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಅಡುಗೆಮನೆಯ ಬಾಗಿಲಿಗೆ ಒಂದು ಕಂಬಳಿ ತೂಗುಹಾಕಿಡಿ. ಅಂಗಡಿಯ ಬಣ್ಣದ ನೈಲಾನ್, ಪಾಲಿಯೆಸ್ಟರ್ ಹೊದಿಕೆ ಬೇಡ, ಅದು ಕರಗಿ ಮೈಗೆ ಅಂಟುತ್ತದೆ. ಕಂಬಳಿ ಸಿಗದಿದ್ದರೆ ನೀರು ಸುರಿಯಿರಿ. ಅಡುಗೆ ಮಾಡುವಾಗ ಹತ್ತಿ ಸೀರೆ ಉಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಸುಟ್ಟ ಗಾಯಕ್ಕೆ ಮೊದಲ ಮದ್ದು ನೀರು

ಉರಿ ಆರಿದ ಕೂಡಲೇ ಗಾಯದ ಮೇಲೆ ತಣ್ಣನೆಯ ನಳದ ನೀರನ್ನು 20 ನಿಮಿಷ ಹರಿಯಬಿಡಿ. ನಳವಿಲ್ಲದಿದ್ದರೆ ಕೊಡದಿಂದ ಚೆಂಬು ಚೆಂಬಾಗಿ ಸುರಿಯುತ್ತಿರಿ. ಚರ್ಮದ ಒಳಗೆ ಇನ್ನೂ ಬೇಯುತ್ತಿರುವ ಶಾಖವನ್ನು ಅದು ತೆಗೆಯುತ್ತದೆ. ಸುಟ್ಟು 3 ಗಂಟೆಯೊಳಗೆ ಮಾಡಿದರೂ ಪ್ರಯೋಜನವಿದೆ. ಮಂಜುಗಡ್ಡೆ ಬೇಡ. ಮೈ ಹೆಚ್ಚು ಸುಟ್ಟ ಮಗುವಿಗೂ ವೃದ್ಧರಿಗೂ ನಡುಕ ಬರದಂತೆ ಉಳಿದ ಮೈಯನ್ನು ಬೆಚ್ಚಗೆ ಮುಚ್ಚಿ.

ಬಳೆ, ಉಂಗುರ, ಕಾಲುಂಗುರ, ಉಡಿದಾರವನ್ನು ಬಾವು ಬರುವ ಮೊದಲೇ ತೆಗೆಯಿರಿ. ಕಾಲುಂಗುರ ತೆಗೆಯಬಾರದೆಂಬ ಭಾವನೆ ಇರುವುದು ನಮಗೆ ಗೊತ್ತು. ಆದರೆ ಬೆರಳು ಬಾತು ರಕ್ತ ಓಡದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತದೆ. ಮೈಗೆ ಅಂಟಿದ ಬಟ್ಟೆಯನ್ನು ಕೀಳಬೇಡಿ. ಗುಳ್ಳೆ ಒಡೆಯಬೇಡಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ದೋಸೆ ಹಿಟ್ಟು, ಬೆಣ್ಣೆ, ಎಣ್ಣೆ, ಸಗಣಿ ಯಾವುದನ್ನೂ ಹಚ್ಚಬೇಡಿ. ಅವು ಶಾಖವನ್ನು ಒಳಗೇ ಹಿಡಿದಿಡುತ್ತವೆ, ಗಾಯಕ್ಕೆ ಸೋಂಕು ತರುತ್ತವೆ. ನಾವು ಗಾಯ ನೋಡಬೇಕಾದರೆ ಮೊದಲು ಅವನ್ನು ತೊಳೆಯಬೇಕು, ಆ ನೋವು ರೋಗಿಗೇ. ಒಗೆದ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಕರೆತನ್ನಿ.

ರೋಗಿಯ ಅಂಗೈಗಿಂತ ದೊಡ್ಡ ಗಾಯ, ಮುಖ, ಕೈ, ಪಾದ, ಕೀಲು, ಗುಪ್ತಾಂಗದ ಗಾಯ, ಕರೆಂಟಿನಿಂದ ಆದ ಗಾಯ ಇದ್ದರೆ ಆಸ್ಪತ್ರೆಗೆ ಬರಲೇಬೇಕು. ಗಾಯವೇ ಕಾಣದಿದ್ದರೂ ಹೊಗೆಯಲ್ಲಿ ಸಿಕ್ಕಿಕೊಂಡವರ ಮೂಗಿನಲ್ಲಿ ಮಸಿ, ದನಿಯಲ್ಲಿ ಗೊಗ್ಗರು, ಕೆಮ್ಮು, ಮಂಪರು ಕಂಡರೆ ತಡಮಾಡಬೇಡಿ. ಗಂಟಲೊಳಗೆ ಬಾವು ಕೆಲವು ಗಂಟೆಗಳ ನಂತರ ಬಂದು ಉಸಿರು ಕಟ್ಟಬಹುದು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹೆಣ್ಣುಮಗಳು ಸುಟ್ಟುಕೊಂಡರೆ ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ ಮನೆಯಲ್ಲೇ ಇಟ್ಟುಕೊಂಡು, ಎರಡು ಮೂರು ದಿನದ ಮೇಲೆ ತರುವವರಿದ್ದಾರೆ. ಮೊದಲು ಚಿಕಿತ್ಸೆ, ಕಾಗದ ಪತ್ರ ಆಮೇಲೆ ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯ ಕರ್ತವ್ಯ, ಅದಕ್ಕಾಗಿ ಚಿಕಿತ್ಸೆ ನಿಲ್ಲುವುದಿಲ್ಲ. ತಡವಾದ ಪ್ರತಿ ಗಂಟೆಯೂ ಆ ಜೀವಕ್ಕೇ ಹೊರೆ. ಗ್ಯಾಸ್ ಅಪಘಾತವಾಗಿದ್ದರೆ ನಿಮ್ಮ ವಿತರಕರಿಗೂ ಬರವಣಿಗೆಯಲ್ಲಿ ತಿಳಿಸಿ. ಇಂಥ ಅಪಘಾತಗಳಿಗೆಂದು ತೈಲ ಕಂಪನಿಗಳು ವಿಮೆ ಮಾಡಿಸಿರುತ್ತವೆ, ಅದಕ್ಕೆ ನೀವು ಬೇರೆ ಕಂತು ಕಟ್ಟಬೇಕಿಲ್ಲ.

ಮನೆಗೆ ಒಯ್ಯಬೇಕಾದದ್ದು

ಇಷ್ಟೆಲ್ಲ ನೆನಪಿಡಲು ಆಗದಿದ್ದರೆ ನಾಲ್ಕು ಕೆಲಸ ಮಾತ್ರ ಮಾಡಿ. ಕೀಲಿಕೈ ಬಾಗಿಲ ಪಕ್ಕದ ಮೊಳೆಗೆ ಬರಲಿ. ಅಡುಗೆಮನೆ ಬಾಗಿಲಿಗೆ ಕಂಬಳಿ ಬರಲಿ. ಗೋಡೆಯ ಮೇಲೆ 112 ಬರಲಿ. ಯಾರು ಯಾರನ್ನು ಕರೆತರಬೇಕು ಎಂಬುದು ಎಲ್ಲರ ಬಾಯಲ್ಲಿ ಬರಲಿ. ಈ ನಾಲ್ಕಕ್ಕೂ ದುಡ್ಡು ಬೇಕಿಲ್ಲ, ಒಂದು ಸಂಜೆ ಸಾಕು. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಪ್ರಾಣ ಕೊಟ್ಟ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿ ಅದನ್ನು ಆಚರಿಸುತ್ತಾರೆ. ಆ ವಾರ ವರ್ಷಕ್ಕೊಮ್ಮೆ ಮನೆಯಲ್ಲಿ ಈ ಅಭ್ಯಾಸವನ್ನು ಮತ್ತೆ ಮಾಡಿ. ನಮ್ಮ ಕಡೆ ಬಿಸಿಲು ಏರಿ ಹುಲ್ಲು, ಸೊಪ್ಪೆ ಒಣಗಿ ಕೂತಿರುವ ಕಾಲವೂ ಅದೇ.

ಇನ್ನು ನೀವು ಕೇಳಬೇಕೆಂದಿದ್ದರೆ ಸಂಕೋಚಪಡದೆ ಕೇಳಿ. ಕೌದಿಯಲ್ಲಿ ಎಳೆಯುವುದನ್ನು ಮಾಡಿ ನೋಡಬೇಕೆನ್ನುವವರು ಮಧ್ಯಾಹ್ನ ಡ್ರೆಸ್ಸಿಂಗ್ ಮುಗಿದ ಮೇಲೆ ವಾರ್ಡಿನ ಸಿಸ್ಟರ್‌ಗಳನ್ನು ಕೇಳಿದರೆ ತೋರಿಸಿಕೊಡುತ್ತಾರೆ. ಎಲ್ಲರೂ ಬೇಗ ಗುಣವಾಗಿ ಸುಖವಾಗಿ ಮನೆ ಸೇರಿರಿ.